ಹಳೆಯ ಕಾರಿಗೆ ಹೊಸ ಪೆಟ್ರೋಲ್ ಟ್ಯಾಂಕ್ ಕೂರಿಸುವ ಬಗೆ

ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕ್ ಬಹುಮಟ್ಟಿಗೆ ಒಳಗಿನಿಂದ ಕೆಡುತ್ತದೆ. ಹೊರಗಿನ ಬಣ್ಣ ಚೆನ್ನಾಗಿಯೇ ಇರುವಾಗ, ತಳದಲ್ಲಿ ಶೇಖರವಾದ ನೀರು ಒಳಮೈಯ ಸೀಸ-ತವರದ ಲೇಪ ಸವೆದ ಕಡೆಯಲ್ಲಿ ಉಕ್ಕಿನ ತಗಡನ್ನು ತಿನ್ನಲು ತೊಡಗಿರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕಾರು ತಿಂಗಳುಗಟ್ಟಲೆ ನಿಂತು ಆ ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಕೆಳಗಿಳಿಯುವುದರಿಂದ ತುಕ್ಕು ಇನ್ನೂ ಬೇಗ ಹಬ್ಬುತ್ತದೆ. ಫಿಲ್ಟರ್ ಪದೇ ಪದೇ ಕಂದು ಪುಡಿಯಿಂದ ಕಟ್ಟಿಕೊಳ್ಳುವುದು, ಟ್ಯಾಂಕಿನ ಜೋಡಣೆಯ ಅಂಚಿನಲ್ಲಿ ಒದ್ದೆಯ ಗೆರೆ ಮೂಡುವುದು, ಮುಚ್ಚಿದ ಶೆಡ್ಡಿನಲ್ಲಿ ಬೆಳಗ್ಗೆ ಪೆಟ್ರೋಲ್ ವಾಸನೆ ಬರುವುದು ಇದರ ಲಕ್ಷಣಗಳು. ಒಂದು ಸಣ್ಣ ತೂತನ್ನು ಎಪಾಕ್ಸಿಯಿಂದ ಮುಚ್ಚಿ ಮನೆ ತಲುಪಬಹುದು. ಆದರೆ ತಳದ ತಗಡೇ ತೆಳುವಾಗಿದ್ದರೆ ಟ್ಯಾಂಕ್ ಬದಲಿಸುವುದೇ ಸರಿ.

ಹೊಸ ಟ್ಯಾಂಕನ್ನು ಹಳೆಯದರ ಪಡಿಯಚ್ಚು ಎಂದು ನಂಬಿ ಕೆಲಸಕ್ಕೆ ಇಳಿಯಬಾರದು. ಈಗ ಸಿಗುವ ಬದಲಿ ಟ್ಯಾಂಕುಗಳು ಆಕಾರದಲ್ಲಿ ಹೋಲುತ್ತವೆಯೇ ಹೊರತು, ಕೊಳವೆಯ ಕೋನ, ತಿರುಪಿನ ಅಳತೆ ಮತ್ತು ಅಂಚಿನ ಅಗಲಗಳಲ್ಲಿ ಬೇರೆಯಾಗಿರುವುದು ಅಪರೂಪವಲ್ಲ. ಆದ್ದರಿಂದ ಹೊಸದು ಕಾರಿನಲ್ಲಿ ಕೂತು, ತುಂಬಿ, ಓಡುವವರೆಗೂ ಹಳೆಯ ಟ್ಯಾಂಕನ್ನು ಎಸೆಯಬೇಡಿ. ನಿಮ್ಮ ಬಳಿ ಇರುವ ಅತ್ಯಂತ ನಂಬಲರ್ಹವಾದ ನಕ್ಷೆ ಅದೇ.

ಇಲ್ಲಿ ಹೇಳುವ ಕ್ರಮ ಹಿಂಭಾಗದಲ್ಲಿ, ಡಿಕ್ಕಿಯ ಕೆಳಗೆ, ಪಟ್ಟಿಗಳಿಂದಲೋ ಬೋಲ್ಟುಗಳಿಂದಲೋ ತೂಗುಬಿದ್ದಿರುವ ಟ್ಯಾಂಕಿಗೆ ಸಂಬಂಧಿಸಿದ್ದು. ಮೂಲ ಮಿನಿ ಕಾರಿನಲ್ಲಿ ಅದು ಡಿಕ್ಕಿಯೊಳಗೆ ಎಡಬದಿಗೆ ಇರುತ್ತದೆ, ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಮುಂದಿನ ಬಾನೆಟ್ಟಿನಡಿ ಇರುತ್ತದೆ. ಅಲ್ಲಿ ಕೆಲಸ ಇನ್ನೂ ಸುಲಭ. 1928ರಿಂದ 1931ರವರೆಗಿನ ಫೋರ್ಡ್ ಮಾಡೆಲ್ ಎ ಕಾರಿನಲ್ಲಂತೂ ಮುಂಗಾಜಿನ ಎದುರಿನ ಟ್ಯಾಂಕೇ ಕಾರಿನ ಮೈಯ ಒಂದು ಭಾಗವಾಗಿರುವುದರಿಂದ ಆ ಕೆಲಸದ ದಾರಿಯೇ ಬೇರೆ.

ಮೊದಲು ಬೆಂಕಿಯ ಮಾತು. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ, ಮತ್ತು ಗಾಳಿಯಲ್ಲಿ ಆ ಆವಿ ಶೇಕಡಾ 1.4ರಷ್ಟಿದ್ದರೂ ಒಂದು ಕಿಡಿ ಸಾಕು. ಆವಿ ಗಾಳಿಗಿಂತ ಭಾರವಾದದ್ದು. ಅದು ನೆಲದ ಮೇಲೆ ಹರಿದು ಹಲವು ಮೀಟರ್ ದೂರದ ಒಲೆಯನ್ನೋ ಹೀಟರನ್ನೋ ತಲುಪಬಲ್ಲದು. ಇದೇ ಕಾರಣಕ್ಕೆ ಗುಂಡಿಯ ಮೇಲೆ ಕಾರು ನಿಲ್ಲಿಸಿ ಈ ಕೆಲಸ ಮಾಡಬಾರದು, ಏಕೆಂದರೆ ಆವಿ ಆ ಗುಂಡಿಯಲ್ಲೇ ತುಂಬಿಕೊಳ್ಳುತ್ತದೆ. ಬಯಲಿನಲ್ಲಿ, ಗಟ್ಟಿಯಾದ ಸಮನೆಲದ ಮೇಲೆ ಕಾರು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ ಆಕ್ಸಲ್ ಸ್ಟ್ಯಾಂಡುಗಳ ಮೇಲೆ ಇಳಿಸಿ. ಬಲ್ಬಿನ ಕೈದೀಪದ ಬದಲು ಬ್ಯಾಟರಿಯ ಎಲ್‌ಇಡಿ ಟಾರ್ಚ್ ಬಳಸಿ. ಒಣಪುಡಿಯ ಅಗ್ನಿಶಾಮಕವನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ.

ಬ್ಯಾಟರಿಯ ತಂತಿಗಳಲ್ಲಿ ಅರ್ಥ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಬೇಕು. ಅರ್ಥ್ ಎಂದರೆ ಮೈನಸ್ ಎಂದೇ ಕೈ ಅಭ್ಯಾಸವಾಗಿರುತ್ತದೆ. ಆದರೆ 1960ರ ದಶಕದ ನಡುಭಾಗದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ ತುದಿಯೇ ಕಾರಿನ ಮೈಗೆ ಜೋಡಿಸಲ್ಪಟ್ಟಿರುತ್ತದೆ. ಗುರುತನ್ನು ನೋಡಿ ತೀರ್ಮಾನಿಸುವ ಬದಲು, ಯಾವ ತಂತಿ ಲೋಹದ ಮೈಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಹಿಂಬಾಲಿಸಿ.

ಪೆಟ್ರೋಲನ್ನು ಡ್ರೈನ್ ಪ್ಲಗ್ ಮೂಲಕವೋ ಕೈಪಂಪಿನಿಂದಲೋ ಹೊರತೆಗೆಯಿರಿ. ಬಾಯಿಂದ ಎಳೆಯುವುದು ಬೇಡವೇ ಬೇಡ. ಲೋಹದ ಡಬ್ಬಿಯನ್ನು ನೆಲದ ಮೇಲೆಯೇ ಇರಿಸಿ, ಅದನ್ನೂ ಟ್ಯಾಂಕನ್ನೂ ಒಂದು ತುಂಡು ತಂತಿಯಿಂದ ಜೋಡಿಸಿದರೆ ಹರಿವಿನಿಂದ ಹುಟ್ಟುವ ಸ್ಥಿರ ವಿದ್ಯುತ್ತು ಕಿಡಿಯಾಗುವುದಿಲ್ಲ. ಪೆಟ್ರೋಲಿನ ತೂಕ ಲೀಟರಿಗೆ ಸುಮಾರು 0.74 ಕಿಲೋ, ಅಂದರೆ 40 ಲೀಟರ್ ಉಳಿದಿದ್ದರೆ 30 ಕಿಲೋ ಭಾರ ನಿಮ್ಮ ಎದೆಯ ಮೇಲೆ ಇಳಿಯುತ್ತದೆ. ಖಾಲಿಯಾದ ಟ್ಯಾಂಕ್ ಅಪಾಯ ಕಳೆದುಕೊಂಡಿತು ಎಂದುಕೊಳ್ಳಬೇಡಿ. ತುಂಬಿದ ಟ್ಯಾಂಕಿಗಿಂತ ಅದರೊಳಗೆ ಸಿಡಿಯಬಲ್ಲ ಆವಿ ಹೆಚ್ಚು.

ಬಿಚ್ಚುವ ಮೊದಲು ಕೊಳವೆಗಳು, ತಂತಿಗಳು ಮತ್ತು ಪಟ್ಟಿಗಳ ಫೋಟೊ ತೆಗೆದುಕೊಳ್ಳಿ. ತುಕ್ಕು ಹಿಡಿದ ಪಟ್ಟಿಯ ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಆಗಲೂ ಬಾರದಿದ್ದರೆ ನಟ್ ಸೀಳುವ ಉಪಕರಣವೋ ಕೈಗರಗಸವೋ ಬಳಸಬಹುದು, ಆದರೆ ಗ್ರೈಂಡರ್ ಮತ್ತು ಗ್ಯಾಸ್ ಜ್ವಾಲೆಯನ್ನು ಹತ್ತಿರಕ್ಕೂ ತರಬಾರದು. ಪೆಟ್ರೋಲ್ ಕೊಳವೆಯ ಕೂಡಿಕೆಯನ್ನು ಎರಡು ಸ್ಪ್ಯಾನರುಗಳಿಂದ, ಒಂದರಿಂದ ಹಿಡಿದು ಇನ್ನೊಂದರಿಂದ ತಿರುಗಿಸಿ. ಒಂದೇ ಸ್ಪ್ಯಾನರಿನಿಂದ ತಿರುಚಿದರೆ ಹಳೆಯ ಕೊಳವೆ ಹಿಂಡಿದ ಬಟ್ಟೆಯಂತಾಗುತ್ತದೆ. ಟ್ಯಾಂಕಿನ ಕೆಳಗೆ ಹಲಗೆಯಿಟ್ಟ ಜಾಕ್ ಆನಿಸಿ, ಪಟ್ಟಿಗಳನ್ನು ಸಡಿಲಿಸಿ, ಒಂದು ಗೇಣಿನಷ್ಟು ಇಳಿಸಿ ನಿಲ್ಲಿಸಿ. ಮೇಲ್ಭಾಗದ ತಂತಿ ಮತ್ತು ಗಾಳಿ ಕೊಳವೆ ಕೈಗೆ ಸಿಗುವುದು ಆಗಲೇ.

ಈಗ ಎರಡೂ ಟ್ಯಾಂಕುಗಳನ್ನು ಅಕ್ಕಪಕ್ಕ ಇಟ್ಟು ಅಳೆಯಿರಿ. ಅರ್ಧ ದಿನ ಹಿಡಿದರೂ ಅವಸರ ಬೇಡ. ಬೋಲ್ಟ್ ತೂತುಗಳ ಅಂತರ, ಟ್ಯಾಂಕಿನ ಎತ್ತರ, ಪೆಟ್ರೋಲ್ ಹಾಕುವ ಕೊಳವೆಯ ವ್ಯಾಸ ಹಾಗೂ ಓರೆಯನ್ನು ಹೋಲಿಸಿ. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಕೊಳವೆಯ ತುದಿ ತಳದಿಂದ ಎಷ್ಟು ಮೇಲಿದೆ ಎಂಬುದನ್ನು ಒಂದು ಕಡ್ಡಿಯಿಂದ ನೋಡಿ. ತಳಕ್ಕೆ ಅಂಟಿಕೊಂಡಿದ್ದರೆ ಕೆಸರು ಬರುತ್ತದೆ, ತೀರ ಮೇಲಿದ್ದರೆ ಗೇಜಿನಲ್ಲಿ ಪೆಟ್ರೋಲ್ ಇರುವಂತೆ ತೋರುವಾಗಲೇ ಎಂಜಿನ್ ನಿಲ್ಲುತ್ತದೆ. ಕೂಡಿಕೆಯ ತಿರುಪನ್ನು ಹಳೆಯ ನಟ್ಟನ್ನೇ ಬೆರಳಿನಿಂದ ತಿರುಗಿಸಿ ಪರೀಕ್ಷಿಸಬೇಕು. ಒಂದೆರಡು ಸುತ್ತಿಗೇ ಬಿಗಿಯಾದರೆ ಅಳತೆ ಬೇರೆ ಎಂದರ್ಥ, ಬಲವಂತ ಮಾಡಬೇಡಿ. ನಂತರ ಬಣ್ಣ ಬಳಿಯುವ ಮೊದಲು ಬರಿಯ ಟ್ಯಾಂಕನ್ನು ಒಮ್ಮೆ ಕಾರಿನಡಿ ಎತ್ತಿ ಹಿಡಿದು ಕೂಡುತ್ತದೆಯೇ ನೋಡಿ. ಬಣ್ಣ ಬಳಿದ ಟ್ಯಾಂಕನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.

ಸೋರಿಕೆಯ ಪರೀಕ್ಷೆಯನ್ನೂ ಇದೇ ಹಂತದಲ್ಲಿ, ಪೆಟ್ರೋಲ್ ಎಂದೂ ಕಾಣದ ಹೊಸ ಟ್ಯಾಂಕಿನ ಮೇಲೆ ಮಾತ್ರ ಮಾಡಿ. ತೂತುಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಜೋಡಣೆಗಳ ಮೇಲೆ ಸೋಪಿನ ನೀರು ಬಳಿದರೆ ಗುಳ್ಳೆಗಳು ತಪ್ಪನ್ನು ತೋರಿಸುತ್ತವೆ. ಒತ್ತಡ 1 ಪಿಎಸ್ಐ, ಅಂದರೆ ಚದರ ಅಂಗುಲಕ್ಕೆ ಒಂದು ಪೌಂಡ್, ಮೀರಬಾರದು: ಎರಡಡಿ ಉದ್ದಗಲದ ತಗಡಿನ ಮೇಲೆ ಅಷ್ಟೇ ಒತ್ತಡ 260 ಕಿಲೋ ಭಾರಕ್ಕೆ ಸಮ, ಹೆಚ್ಚಾದರೆ ಟ್ಯಾಂಕ್ ದಿಂಬಿನಂತೆ ಉಬ್ಬುತ್ತದೆ. ಕೊನೆಗೆ ಒಳಗಿರುವ ರಕ್ಷಕ ಎಣ್ಣೆ, ಲೋಹದ ಚೂರುಗಳು ಹೋಗುವಂತೆ ಸ್ವಲ್ಪ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲದೆ ಡಬ್ಬಿಗೆ ಸುರಿಯಿರಿ.

ಗೇಜಿನ ಫ್ಲೋಟ್ ಘಟಕವನ್ನು, ಅಂದರೆ ಟ್ಯಾಂಕಿನೊಳಗೆ ತೇಲುತ್ತಾ ಪೆಟ್ರೋಲಿನ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗವನ್ನು, ಹೊಸದಾಗಿ ಕೊಂಡಿದ್ದರೆ ಅದರ ವಿದ್ಯುತ್ ತಡೆಯನ್ನು (ಓಮ್) ಮಲ್ಟಿಮೀಟರಿನಿಂದ ಅಳೆಯದೆ ಹಾಕಬೇಡಿ. ಜನರಲ್ ಮೋಟಾರ್ಸ್ ಕಾರುಗಳಲ್ಲಿ 1960ರ ದಶಕದ ನಡುವಿನಿಂದ ಬಹುಕಾಲ ಖಾಲಿಗೆ 0 ಓಮ್, ತುಂಬಿದಾಗ 90 ಓಮ್ ಎಂಬ ಪದ್ಧತಿಯಿತ್ತು. ಅದೇ ಕಾಲದ ಅಮೆರಿಕನ್ ಫೋರ್ಡ್ ಕಾರುಗಳಲ್ಲಿ ಖಾಲಿಗೆ 73, ತುಂಬಿದಾಗ ಸುಮಾರು 10 ಓಮ್. ಒಂದರ ಘಟಕ ಇನ್ನೊಂದರ ಗೇಜಿಗೆ ಸಿಕ್ಕಿದರೆ ಮುಳ್ಳು ತಿರುಗುಮುರುಗಾಗಿ ಓಡುತ್ತದೆ. ಹಳೆಯ ಘಟಕದ ತೋಳನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಬರುವ ಓಮ್ ಬರೆದಿಟ್ಟುಕೊಂಡು ಹೊಸದಕ್ಕೆ ಹೋಲಿಸುವುದು ಐದು ನಿಮಿಷದ ಕೆಲಸ. ಘಟಕಕ್ಕೆ ಬೀಗದ ಉಂಗುರವಿದ್ದರೆ ಹಿತ್ತಾಳೆಯ ಅಥವಾ ಗಟ್ಟಿಮರದ ತುಂಡಿನಿಂದ ತಟ್ಟಿ ತಿರುಗಿಸಿ. ಉಕ್ಕಿನ ಉಳಿ ಕಿಡಿ ಹಾರಿಸುತ್ತದೆ. ಗ್ಯಾಸ್ಕೆಟ್ ಹೊಸದೇ ಆಗಬೇಕು, ಎಥನಾಲ್ ತಾಳುವ ರಬ್ಬರಿನದಾಗಬೇಕು. ಸಾಮಾನ್ಯ ಸಿಲಿಕೋನ್ ಪೇಸ್ಟ್ ಪೆಟ್ರೋಲಿನಲ್ಲಿ ಉಬ್ಬಿ ಕಿತ್ತುಬರುತ್ತದೆ. ಕೂಡಿಕೆಗೆ ಸುತ್ತಿದ ಟೆಫ್ಲಾನ್ ಟೇಪಿನ ಎಳೆಗಳು ಕಾರ್ಬ್ಯುರೇಟರಿನ ಜೆಟ್ಟನ್ನೇ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತನ್ನೇ, ಹುಡುಕಿಕೊಂಡು ಹೋಗುತ್ತವೆ.

ಗಾಳಿಯ ದಾರಿಯನ್ನು ಮರೆತವರು ಬಹಳ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ಆ ದಾರಿ ಕೆಲವು ಕಾರುಗಳಲ್ಲಿ ಮುಚ್ಚಳದಲ್ಲಿದೆ, ಕೆಲವುಗಳಲ್ಲಿ ಟ್ಯಾಂಕಿನ ಮೇಲಿನ ಸಣ್ಣ ಕೊಳವೆಯಲ್ಲಿದೆ. ಕೊಳವೆಯಿಲ್ಲದ ಹೊಸ ಟ್ಯಾಂಕಿಗೆ ತೂತಿಲ್ಲದ ಮುಚ್ಚಳ ಹಾಕಿದರೆ ಕಾರು ಕೆಲವು ಕಿಲೋಮೀಟರ್ ಓಡಿ, ಕೆಮ್ಮಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಮುಚ್ಚಳ ತೆರೆದಾಗ ಬುಸ್ ಎಂದು ಗಾಳಿ ಒಳನುಗ್ಗಿದರೆ ಪಂಪನ್ನು ಬಿಚ್ಚುವ ಅಗತ್ಯವಿಲ್ಲ.

ಹೊರಮೈಗೆ ಲೋಹಕ್ಕೆ ಹಿಡಿಯುವ ಪ್ರೈಮರ್, ಅದರ ಮೇಲೆ ಗಟ್ಟಿ ಬಣ್ಣ ಕೊಡಿ. ಪಟ್ಟಿಗಳ ಅಡಿಗೆ ಮೊದಲಿದ್ದ ಕಂಬಳಿಯಂಥ ಫೆಲ್ಟ್ ನೀರು ಕುಡಿದು ಹಿಡಿದಿಟ್ಟುಕೊಳ್ಳುವುದರಿಂದ, ಮೂಲದಂತೆಯೇ ಇರಬೇಕೆಂಬ ಹಟವಿಲ್ಲದಿದ್ದರೆ ನೈಟ್ರೈಲ್ ರಬ್ಬರ್ ಪಟ್ಟಿ ಲೇಸು. ಆದರೆ ರಬ್ಬರಿನ ಮೇಲೆ ಕೂತ, ಬಣ್ಣ ಬಳಿದ ಟ್ಯಾಂಕಿಗೆ ಕಾರಿನ ಮೈಯೊಂದಿಗೆ ವಿದ್ಯುತ್ ಸಂಪರ್ಕ ಇರುವುದಿಲ್ಲ, ಗೇಜ್ ಕೆಲಸ ಮಾಡುವುದಿಲ್ಲ. ನಾನು ಒಮ್ಮೆ ಇದೊಂದು ತಂತಿಗಾಗಿ ಟ್ಯಾಂಕನ್ನು ಎರಡನೆಯ ಸಲ ಇಳಿಸಿದ್ದೇನೆ. ಫ್ಲೋಟ್ ಘಟಕದ ಒಂದು ಸ್ಕ್ರೂವಿನಿಂದ ಚಾಸಿಗೆ ಪ್ರತ್ಯೇಕ ಅರ್ಥ್ ತಂತಿಯನ್ನು ಟ್ಯಾಂಕ್ ಮೇಲೇರುವ ಮೊದಲೇ ಕಟ್ಟಿಬಿಡಿ.

ಹೋಸುಗಳನ್ನೆಲ್ಲ ಹೊಸದು ಮಾಡಿ. ಮೇಲೆ ಎಸ್‌ಎಇ ಜೆ30 ಆರ್9 ಎಂಬ ಗುರುತಿರುವುದು ಎಥನಾಲನ್ನು ತಾಳುತ್ತದೆ. ಟ್ಯಾಂಕನ್ನು ಜಾಕಿನ ಮೇಲೆ ಎತ್ತಿ, ಅರ್ಧ ದಾರಿಯಲ್ಲಿ ನಿಲ್ಲಿಸಿ, ಮೇಲಿನ ತಂತಿ-ಕೊಳವೆಗಳನ್ನು ಜೋಡಿಸಿ. ಪಟ್ಟಿಗಳನ್ನು ಸಡಿಲವಾಗಿಯೇ ಹಾಕಿ, ಪೆಟ್ರೋಲ್ ಹಾಕುವ ಕೊಳವೆ ತನ್ನ ಜಾಗದಲ್ಲಿ ಒತ್ತಡವಿಲ್ಲದೆ ಕೂತ ಮೇಲೆಯೇ ಎರಡೂ ಕಡೆ ಸಮನಾಗಿ ಬಿಗಿಯಿರಿ. ಟ್ಯಾಂಕ್ ಅಲುಗದಿದ್ದರೆ ಸಾಕು, ತಗಡು ತಗ್ಗುವಷ್ಟು ಬಿಗಿ ಬೇಡ. ಟ್ಯಾಂಕ್ ಮತ್ತು ಪಂಪಿನ ನಡುವೆ ಒಂದು ಪಾರದರ್ಶಕ ಫಿಲ್ಟರ್ ಹಾಕಿದರೆ ಮೊದಲ ವಾರಗಳ ಕಸ ಕಣ್ಣಿಗೆ ಕಾಣುತ್ತದೆ.

ಕಾರನ್ನು ಸ್ಟ್ಯಾಂಡುಗಳಿಂದ ಸಮನೆಲಕ್ಕೆ ಇಳಿಸಿ, ಮೊದಲು 5 ಲೀಟರ್ ಮಾತ್ರ ಹಾಕಿ, ಕೂಡಿಕೆಗಳ ಕೆಳಗೆ ಒಣ ಕಾಗದ ಹಾಸಿ ಅರ್ಧ ಗಂಟೆ ಕಾಯಿರಿ. ಕಾಗದ ಒಣಗಿದ್ದು, ವಾಸನೆಯೂ ಇಲ್ಲದಿದ್ದರೆ ಬ್ಯಾಟರಿ ಜೋಡಿಸಿ. ಬಳಿಕ ಐದೈದು ಲೀಟರಿನಂತೆ ತುಂಬುತ್ತಾ, ಪ್ರತಿ ಸಲವೂ ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆದುಕೊಳ್ಳಿ. ಹಳೆಯ ಗೇಜಿನ ಅರ್ಧದ ಗೆರೆ ನಿಜವಾದ ಅರ್ಧವಾಗಿರುವುದು ಕಡಿಮೆ, ಆ ಚೀಟಿಯನ್ನು ಕಾರಿನಲ್ಲೇ ಇಟ್ಟುಕೊಳ್ಳಿ. ಕೊನೆಗೆ ಪೂರ್ತಿ ತುಂಬಿಸಿ ಒಂದು ರಾತ್ರಿ ಬಯಲಿನಲ್ಲೇ ಬಿಡಿ, ಏಕೆಂದರೆ ಮೇಲಿನ ಗ್ಯಾಸ್ಕೆಟ್ ಮತ್ತು ಕೊಳವೆಯ ಹೋಸ್ ಸೋರುತ್ತವೆಯೇ ಎಂಬುದು ತುಂಬಿದ ಟ್ಯಾಂಕಿನಲ್ಲಿ ಮಾತ್ರ ತಿಳಿಯುತ್ತದೆ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಫಿಲ್ಟರ್ ಬದಲಿಸಿ, ಹೊಸ ರಬ್ಬರ್ ಒತ್ತಿಕೊಂಡು ಸಡಿಲವಾಗಿರಬಹುದಾದ ಪಟ್ಟಿಗಳನ್ನು ಮತ್ತೊಮ್ಮೆ ಬಿಗಿಯಿರಿ. ಹಳೆಯ ಟ್ಯಾಂಕನ್ನು ಗುಜರಿಗೆ ಕೊಡಲು ಅಡ್ಡಿಯಿಲ್ಲ, ಆದರೆ ಕೊಡುವಾಗ ಅದು ಪೆಟ್ರೋಲ್ ಟ್ಯಾಂಕ್, ಗ್ಯಾಸಿನಿಂದ ಕತ್ತರಿಸಬಾರದು ಎಂದು ಬಾಯಿಬಿಟ್ಟು ಹೇಳಿ.