ಒಂದೇ ಕೋಣೆಯ ಮನೆಗೆ ಗಿಳಿ ಹುಡುಕಿದ್ದು

ಗಿಳಿ ಸಾಕಬೇಕು ಅನ್ನೋ ಆಸೆ ನನಗೆ ಮೊದಲಿಂದಲೂ ಇತ್ತು. ಮನೆ ಮಾತ್ರ ಪುಟ್ಟದು. ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಗೋಡೆಯಾಚೆ ಪಕ್ಕದ ಮನೆಯವರು. ಅಮ್ಮನಿಗೆ ಉಬ್ಬಸ ಬೇರೆ. ಚಿಕ್ಕ ಮನೆಗೆ ಚಿಕ್ಕ ಹಕ್ಕಿ ತಂದರಾಯಿತು ಅಂತ ಲೆಕ್ಕ ಹಾಕಿದ್ದೆ. ಆ ಲೆಕ್ಕ ತಲೆಕೆಳಗಾಗೋಕೆ ಹತ್ತು ದಿನವೂ ಬೇಕಾಗಲಿಲ್ಲ.

ಸ್ನೇಹಿತನೊಬ್ಬ ಊರಿಗೆ ಹೊರಟಿದ್ದ. ತನ್ನ ಸನ್ ಕನ್ಯೂರ್ ಜಾತಿಯ ಗಿಳಿಯನ್ನು ಹತ್ತು ದಿನ ನೋಡಿಕೋ ಅಂತ ಬಿಟ್ಟುಹೋದ. ಹಳದಿ, ಕಿತ್ತಳೆ ಬಣ್ಣದ ಚೆಂದದ ಹಕ್ಕಿ. ಬಾಲ ಸೇರಿ ಸುಮಾರು 30 ಸೆಂ.ಮೀ. ಉದ್ದ, ತೂಕ ನೂರು ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊದಲ ದಿನ ಸಂಜೆ, ಬೆಳಕು ಇಳಿಯೋ ಹೊತ್ತಿಗೆ ಅದು ಬಾಯಿ ತೆರೆಯಿತು ನೋಡಿ! ಅಮ್ಮ ಕೈಯಲ್ಲಿದ್ದ ಲೋಟ ಬಿಟ್ಟುಬಿಟ್ಟರು. "ಅದಕ್ಕೇನಾಯ್ತೋ?" ಅಂತ ಗಾಬರಿಯಿಂದ ಕೇಳಿದರು. ಏನೂ ಆಗಿರಲಿಲ್ಲ. ಅದು ಕೂಗೋದೇ ಹಾಗೆ. ಮೂರನೇ ದಿನ ಪಕ್ಕದ ಮನೆಯವರು ಗೋಡೆ ತಟ್ಟಿದರು. ಐದನೇ ದಿನ ಬಾಗಿಲನ್ನೇ ತಟ್ಟಿದರು.

ಹಕ್ಕಿಯದ್ದು ತಪ್ಪಲ್ಲ ಬಿಡಿ. ಗಿಳಿಗಳು ಗುಂಪಿನಲ್ಲಿ ಬದುಕುವ ಜಾತಿ. ಬೆಳಗ್ಗೆ ಎದ್ದಾಗ, ಸಂಜೆ ಗೂಡು ಸೇರುವಾಗ "ಎಲ್ಲಿದ್ದೀರಿ, ನಾನಿಲ್ಲಿದ್ದೀನಿ" ಅಂತ ದೂರದವರೆಗೆ ಕೂಗಿ ಹೇಳುತ್ತವೆ. ದಕ್ಷಿಣ ಅಮೆರಿಕದ ಬಯಲಿನಲ್ಲಿ ಆ ದನಿ ಬೇಕೇ ಬೇಕು. ನಮ್ಮ ಕೋಣೆಯಲ್ಲಿ ಅಲ್ಲ.

ಅದನ್ನು ವಾಪಸ್ ಕೊಟ್ಟ ಮೇಲೆ ನಾನು ಗಿಳಿಗಳ ಅಂದಚೆಂದ ನೋಡೋದು ಬಿಟ್ಟು ದನಿ ಕೇಳೋಕೆ ಶುರು ಮಾಡಿದೆ. ಗಿಳಿ ಸಾಕಿದವರ ಮನೆಗೆ ಸಂಜೆ ಹೊತ್ತು ಹೋಗಿ ಒಂದು ಗಂಟೆ ಕೂರುತ್ತಿದ್ದೆ. ಅಂಗಡಿಗೆ ಮಧ್ಯಾಹ್ನ ಹೋದರೆ ಪ್ರಯೋಜನವಿಲ್ಲ, ಆ ಹೊತ್ತಲ್ಲಿ ಎಲ್ಲವೂ ತೂಕಡಿಸುತ್ತಿರುತ್ತವೆ. ಹೊರಡುವಾಗ "ಬಾಗಿಲು ಹಾಕ್ಕೊಳ್ಳಿ, ಎರಡು ನಿಮಿಷ ಹೊರಗೆ ನಿಂತು ಕೇಳ್ತೀನಿ" ಅನ್ನುತ್ತಿದ್ದೆ. ಜನ ನಗುತ್ತಿದ್ದರು. ಆದರೆ ಪಕ್ಕದ ಮನೆಯವರಿಗೆ ಕೇಳಿಸೋದು ಆ ಸದ್ದೇ ಅಲ್ವಾ?

ಮಾತಾಡುವ ಗಿಳಿ ಅಂದರೆ ಎಲ್ಲರೂ ಹೇಳೋದು ಆಫ್ರಿಕನ್ ಗ್ರೇ. ನನಗೂ ಆಸೆಯಿತ್ತು. ಆದರೆ ಅದು ನಾಲ್ಕೈದು ನೂರು ಗ್ರಾಂ ತೂಗುವ, 40 ವರ್ಷ ದಾಟಿಯೂ ಬದುಕಬಲ್ಲ, ಬಲು ಚುರುಕು ಬುದ್ಧಿಯ ಹಕ್ಕಿ. ಇಕ್ಕಟ್ಟಿನಲ್ಲಿ ಬೇಜಾರಾದರೆ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತದೆ. ಕಾಡಿನಲ್ಲಿ ಹಿಡಿದು ಹಿಡಿದು ಸಂಖ್ಯೆ ಕುಸಿದಿದ್ದರಿಂದ 2016ರಲ್ಲಿ ಸೈಟಿಸ್ ಅನ್ನೋ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಮೊದಲ, ಅಂದರೆ ಅತಿ ಬಿಗಿಯಾದ ಪಟ್ಟಿಗೇ ಸೇರಿಸಿದರು. ಬೇಡ ಅಂತ ಬಿಟ್ಟೆ. ಲವ್‌ಬರ್ಡ್ ಅಂಗೈಯಷ್ಟಿದ್ದರೂ ದನಿ ಸೂಜಿಯ ಹಾಗೆ ಚುಚ್ಚುತ್ತದೆ. ಅದನ್ನೂ ಬಿಟ್ಟೆ.

ಕಾಕಟೀಲ್ ಮಾತ್ರ ಬಹಳ ಇಷ್ಟವಾಯಿತು. ಸಾಧು ಹಕ್ಕಿ, ಗಂಡು ಹಕ್ಕಿ ಇಂಪಾಗಿ ಶಿಳ್ಳೆ ಹಾಕುತ್ತದೆ. ಮುಂಗಡ ಕೊಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಅದನ್ನು ಸಾಕಿದ್ದವರ ಟಿವಿ ಮೇಲೆ ಸುಮ್ನೆ ಬೆರಳಾಡಿಸಿದೆ. ಬೆರಳ ತುದಿ ಬೆಳ್ಳಗಾಯಿತು, ಮುಖದ ಪೌಡರ್ ಮುಟ್ಟಿದ ಹಾಗೆ. "ನಿನ್ನೆ ತಾನೆ ಒರೆಸಿದ್ದೆ" ಅಂದರು ಮನೆಯಾಕೆ. ಕಾಕಟೀಲ್, ಕಾಕಟೂ, ಆಫ್ರಿಕನ್ ಗ್ರೇ ಇವಕ್ಕೆಲ್ಲ ಕೆಲವು ಗರಿಗಳು ಪುಡಿಯಾಗಿ ಉದುರುತ್ತಲೇ ಇರುತ್ತವೆ. ಉಬ್ಬಸ ಇರುವವರ ಜೊತೆ ಒಂದೇ ಕೋಣೆಯಲ್ಲಿ ಆ ಪುಡಿ ಆಗದ ಮಾತು. ಉಬ್ಬಸದ ತೊಂದರೆ ಇಲ್ಲದ ಮನೆಗಾದರೆ ಈಗಲೂ ನನ್ನ ಮೊದಲ ಓಟು ಕಾಕಟೀಲಿಗೇ.

ಕೊನೆಗೆ ಉಳಿದಿದ್ದು ಎರಡು. ಬಡ್ಜಿ 30-40 ಗ್ರಾಂನ ಹಕ್ಕಿ, ದಿನವಿಡೀ ಚಿಲಿಪಿಲಿ ಅನ್ನುತ್ತದೆ, ಆದರೆ ಗೋಡೆ ದಾಟುವಷ್ಟಲ್ಲ. ನಾನು ತಂದಿದ್ದು ಇನ್ನೊಂದನ್ನು, ಗ್ರೀನ್ ಚೀಕ್ ಕನ್ಯೂರ್. ಸನ್ ಕನ್ಯೂರಿನ ನೆಂಟನೇ, ಆದರೆ ದನಿ ಗೊಗ್ಗರು, ಅಷ್ಟು ಜೋರಿಲ್ಲ, ಪುಡಿಯೂ ಕಡಿಮೆ. ತರುವ ಮುಂಚೆ ಅಮ್ಮನ ಡಾಕ್ಟರನ್ನು ಕೇಳಿದೆವು. ಆಮೇಲೆ ಅಮ್ಮನೇ ಬಂದು ಆ ಹಕ್ಕಿಯ ಪಕ್ಕ ಎರಡು ಸಂಜೆ ಕೂತರು. ಉಸಿರು ಕಟ್ಟಲಿಲ್ಲ.

ಹಾಗಂತ ಅದೇನು ಸಾಧು ಪ್ರಾಣಿ ಅಂದುಕೊಳ್ಳಬೇಡಿ. ಕಚ್ಚುತ್ತದೆ. ನನ್ನ ಕಿವಿಯಲ್ಲಿ ಇನ್ನೂ ಗಾಯದ ಗುರುತಿದೆ. ಗಂಟೆಗೆ ಎರಡು ಮೂರು ಸಲವಾದರೂ ಹಿಕ್ಕೆ ಹಾಕುತ್ತದೆ. ಮಾತು ಕಲಿಯೋದು ಅಪರೂಪ. ನಾನು ಸ್ನಾನಕ್ಕೆ ಹೋದರೆ ಕರೆಯುತ್ತದೆ. ಒಳಗಿಂದಲೇ ಒಂದು ಶಿಳ್ಳೆ ಹಾಕಿದರೆ ಸುಮ್ಮನಾಗುತ್ತದೆ. ಹಾಕದಿದ್ದರೆ ದನಿ ಏರುತ್ತಾ ಹೋಗುತ್ತದೆ.

ಚಿಕ್ಕ ಮನೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಅಡುಗೆಮನೆಗೆ. ನಾನ್‌ಸ್ಟಿಕ್ ಬಾಣಲೆ ಮಿತಿಮೀರಿ ಕಾದರೆ ಬರುವ ಹೊಗೆ ನಮಗೆ ಗೊತ್ತೇ ಆಗದಿರಬಹುದು, ಹಕ್ಕಿ ಮಾತ್ರ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಬೇರೆ ಕೋಣೆ ಇದ್ದರೂ ಅಪಾಯವೇ, ನಮಗಂತೂ ಬೇರೆ ಕೋಣೆಯೇ ಇಲ್ಲ. ಹಕ್ಕಿ ಬರುವ ಹಿಂದಿನ ದಿನವೇ ಎಲ್ಲ ಬಾಣಲೆ ಹೊರಗೆ ಹೋದವು, ಕಬ್ಬಿಣದ್ದು ಬಂತು. ಊದುಬತ್ತಿ, ರೂಮ್ ಸ್ಪ್ರೇ ಎಲ್ಲವೂ ಬಂದ್. ನಿದ್ದೆಯದೂ ಒಂದು ತಲೆನೋವು. ಅದಕ್ಕೆ ಹತ್ತರಿಂದ ಹನ್ನೆರಡು ಗಂಟೆ ಕತ್ತಲು ಬೇಕು, ನಮ್ಮ ಟಿವಿ ರಾತ್ರಿ ಹತ್ತರವರೆಗೆ. ಒಂದು ವಾರ ಕಿರಿಕಿರಿ ಮಾಡಿತು, ಕಚ್ಚೋದೂ ಜಾಸ್ತಿಯಾಯಿತು. ಈಗ ಏಳೂವರೆಗೆ ಪಂಜರಕ್ಕೆ ದಪ್ಪ ಬಟ್ಟೆ, ನಮ್ಮ ಕಿವಿಗೆ ಇಯರ್‌ಫೋನ್.

ಎರಡು ತಿಂಗಳಾದ ಮೇಲೆ ಮೆಟ್ಟಿಲ ಹತ್ತಿರ ಪಕ್ಕದ ಮನೆಯವರು ಸಿಕ್ಕರು. "ಆ ಹಕ್ಕಿ ವಾಪಸ್ ಕೊಟ್ಟುಬಿಟ್ರಾ?" ಅಂತ ಕೇಳಿದರು. ಹೂಂ, ಕೊಟ್ಟುಬಿಟ್ಟೆ ಅಂದೆ. ಸುಳ್ಳೇನೂ ಅಲ್ಲವಲ್ಲ.