ಹಳೇ ಕಂಪೈಲರ್‌ಗಳಲ್ಲೂ ನಿಮ್ಮ ಸಿ ಲೈಬ್ರರಿ ಬಿಲ್ಡ್ ಆಗ್ಬೇಕಾ?

ಮೊದಲು ಎಷ್ಟು ಹಿಂದಕ್ಕೆ ಹೋಗ್ತೀರ ಅಂತ ಡಿಸೈಡ್ ಮಾಡಿ. ನನ್ನ ಕೇಳಿದ್ರೆ ಸಿ89, ಅಂದ್ರೆ 1989ರ ಸಿ ಸ್ಟ್ಯಾಂಡರ್ಡ್. ನೆಟ್‌ವರ್ಕ್‌ನಲ್ಲಿ ಡೇಟಾ ಕಳ್ಸೋ, ತರ್ಸೋ ಲೈಬ್ರರಿ ಕರ್ಲ್‌ನವ್ರು ಇವತ್ತಿಗೂ ಅದಕ್ಕೇ ಅಂಟ್ಕೊಂಡಿದಾರೆ. ಒಳಗಿನ ಕೋಡ್ ಬೇಕಾದ್ರೆ ಸಿ99 (1999ರ ಸ್ಟ್ಯಾಂಡರ್ಡ್) ಇರ್ಲಿ, ಆದ್ರೆ ಪಬ್ಲಿಕ್ ಹೆಡರ್ ಮಾತ್ರ ಸಿ89 ದಾಟ್ಬಾರ್ದು, ಯಾಕಂದ್ರೆ ಅದನ್ನ ಓದೋದು ನಿಮ್ಮ ಕಂಪೈಲರ್ ಅಲ್ಲ, ಯಾರದೋ ಮಷೀನ್‌ನಲ್ಲಿರೋ ಇನ್ಯಾವುದೋ ಕಂಪೈಲರ್.

ಸಿಂಟ್ಯಾಕ್ಸ್ ದೊಡ್ಡ ವಿಷಯ ಅಲ್ಲ. ವೇರಿಯೇಬಲ್ ಎಲ್ಲಾ ಬ್ಲಾಕ್ ಶುರುನಲ್ಲೇ ಡಿಕ್ಲೇರ್ ಮಾಡಿ, ಡಬಲ್ ಸ್ಲ್ಯಾಶ್ ಕಾಮೆಂಟ್ ಬೇಡ, ಈನಮ್ ಕೊನೇಲಿ ಕಾಮಾ ಬೇಡ. ಜಿಸಿಸಿ ಕಂಪೈಲರ್‌ಗೆ ಸಿ89 ಸ್ಟ್ಯಾಂಡರ್ಡ್ ಆಪ್ಶನ್ ಕೊಟ್ಟು ಜೊತೆಗೆ ಪೆಡಾಂಟಿಕ್ ಎರರ್ಸ್ ಹಾಕಿದ್ರೆ ಅದೇ ಎಲ್ಲಾ ಹಿಡಿದು ತೋರ್ಸತ್ತೆ.

ಭಯ ಪಡ್ಬೇಕಾಗಿರೋದು ಬಾಯಿ ಮುಚ್ಕೊಂಡು ಕಂಪೈಲ್ ಆಗೋ ತಪ್ಪುಗಳಿಗೆ. ನಾನು ಎರಡು ದಿನ ಒದ್ದಾಡಿದ್ದು ಇದ್ರಲ್ಲೇ: ಲಿನಕ್ಸ್‌ನಲ್ಲಿ ಸಿ89 ಆಪ್ಶನ್ ಕೊಟ್ಟ ತಕ್ಷಣ ಸ್ಟ್ರಿಂಗ್ ಹೆಡರ್ ಒಳಗಿನ ಸ್ಟ್ರ್‌ಡಪ್ (ಸ್ಟ್ರಿಂಗ್ ಕಾಪಿ ಮಾಡಿ ಅದರ ಪಾಯಿಂಟರ್ ಕೊಡೋ ಫಂಕ್ಷನ್) ಮಾಯ ಆಗ್ಬಿಡತ್ತೆ, ಅದು ಆ ಸ್ಟ್ಯಾಂಡರ್ಡ್‌ನಲ್ಲಿ ಇಲ್ವಲ್ಲ. ಸಿ89ನಲ್ಲಿ ಡಿಕ್ಲೇರ್ ಆಗದೇ ಇರೋ ಫಂಕ್ಷನ್ ಇಂಟ್ ರಿಟರ್ನ್ ಮಾಡತ್ತೆ ಅಂತ ಕಂಪೈಲರ್ ತಾನೇ ಅಂದ್ಕೊಳ್ಳತ್ತೆ, ಹಾಗಾಗಿ 64 ಬಿಟ್ ಪಾಯಿಂಟರ್ 32 ಬಿಟ್‌ಗೆ ಕತ್ತರಿಸಿ ಹೋಗತ್ತೆ, 32 ಬಿಟ್ ಮಷೀನ್‌ನಲ್ಲಿ ಚೆನ್ನಾಗೇ ಓಡತ್ತೆ, 64ರಲ್ಲಿ ಎಲ್ಲೋ ದೂರದಲ್ಲಿ ಕ್ರ್ಯಾಶ್. ಇಂಪ್ಲಿಸಿಟ್ ಫಂಕ್ಷನ್ ಡಿಕ್ಲರೇಶನ್ ವಾರ್ನಿಂಗನ್ನ ಎರರ್ ಮಾಡಿಡಿ, ಸ್ಟ್ರ್‌ಡಪ್ ಬದಲು ಮ್ಯಾಲಕ್ ಮತ್ತೆ ಮೆಮ್‌ಕಾಪಿ ಇಟ್ಕೊಂಡು ನಿಮ್ದೇ ಐದಾರು ಲೈನಿನ ಫಂಕ್ಷನ್ ಬರ್ಕೊಳ್ಳಿ.

ಎರಡನೇದು ಎಸ್‌ಎನ್‌ಪ್ರಿಂಟ್‌ಎಫ್, ಬಫರ್ ಸೈಜ್ ಮೀರದ ಹಾಗೆ ಟೆಕ್ಸ್ಟ್ ಬರೆಯೋ ಫಂಕ್ಷನ್. ವಿಷುಯಲ್ ಸ್ಟುಡಿಯೋ 2015ಕ್ಕೆ ಮುಂಚೆ ಅದು ಇರ್ಲೇ ಇಲ್ಲ, ಅಂಡರ್‌ಸ್ಕೋರ್ ಹಚ್ಚಿದ ಒಂದು ಇತ್ತು, ಎಷ್ಟೋ ಜನ ಮ್ಯಾಕ್ರೋ ಹಾಕಿ ಇದರ ಹೆಸರನ್ನ ಅದಕ್ಕೆ ಕಟ್ಟಿ ಕೈ ತೊಳ್ಕೊಂಡ್ರು. ಆದ್ರೆ ಬಫರ್ ಸಾಲ್ದೇ ಇದ್ದಾಗ ಅದು ಕೊನೇಲಿ ನಲ್ ಹಾಕಲ್ಲ, ಬೇಕಾಗಿದ್ದ ಉದ್ದದ ಬದಲು ನೆಗೆಟಿವ್ ನಂಬರ್ ಕೊಡತ್ತೆ. ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿ ಕೂಡ 2.0.6ವರೆಗೂ -1 ಕೊಡ್ತಿತ್ತು. ಸೋ ಒಂದು ರ‍್ಯಾಪರ್ ಬರೆದು ಕೊನೇ ಬೈಟ್‌ಗೆ ಸೊನ್ನೆ ನೀವೇ ಹಾಕಿ, ರಿಟರ್ನ್ ವ್ಯಾಲ್ಯೂ ನಂಬಿ ಮೆಮೊರಿ ತಗೋಬೇಡಿ.

ಇಂಥ ರ‍್ಯಾಪರ್‌ಗಳು, ಟೈಪ್‌ಡೆಫ್‌ಗಳು, ಕಂಪೈಲರ್ ಚೆಕ್‌ಗಳು ಎಲ್ಲಾ ಒಂದೇ ಹೆಡರ್‌ನಲ್ಲಿರ್ಲಿ. ಕೋಡ್ ತುಂಬಾ ಇಫ್‌ಡೆಫ್ ಚೆಲ್ಲಿದ್ರೆ ಆರು ತಿಂಗಳಾದ್ಮೇಲೆ ನಿಮಗೇ ಅರ್ಥ ಆಗಲ್ಲ. ಸ್ಟ್ಯಾಂಡರ್ಡ್ ವರ್ಷನ್ ಮ್ಯಾಕ್ರೋ 199901 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಸಿ99, ಆದ್ರೆ ಮೈಕ್ರೋಸಾಫ್ಟ್‌ನ ಹಳೇ ಕಂಪೈಲರ್‌ಗಳು ಅದನ್ನ ಡಿಫೈನೇ ಮಾಡಲ್ಲ, ಅಲ್ಲಿ ಅವರ ವರ್ಷನ್ ನಂಬರ್ ನೋಡಿ: 1600 ಅಂದ್ರೆ 2010, ಸೈಜ್ ಫಿಕ್ಸ್ ಆಗಿರೋ ಇಂಟಿಜರ್ ಟೈಪ್‌ಗಳ ಎಸ್‌ಟಿಡಿಇಂಟ್ ಹೆಡರ್ ಬಂದಿದ್ದು ಆವಾಗ. 32 ಬಿಟ್ ಬೇಕು ಅಂತ ಲಾಂಗ್ ಹಾಕ್ಬೇಡಿ, 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್, ವಿಂಡೋಸ್‌ನಲ್ಲಿ 4. ಪ್ರಿಪ್ರೊಸೆಸರ್‌ಗೆ ಸೈಜ್‌ಆಫ್ ಗೊತ್ತಾಗಲ್ಲ, ಲಿಮಿಟ್ಸ್ ಹೆಡರ್‌ನ ಮ್ಯಾಕ್ಸ್ ನಂಬರ್‌ಗಳನ್ನ ಹೋಲಿಸಿ ಟೈಪ್ ಆರಿಸ್ಕೊಳ್ಳಿ, ಆಮೇಲೆ ಸೈಜ್ ತಪ್ಪಾದ್ರೆ ಉದ್ದ -1 ಆಗೋ ಥರ ಒಂದು ಅರೇ ಟೈಪ್‌ಡೆಫ್ ಇಟ್ರೆ ಬಿಲ್ಡ್ ಅಲ್ಲೇ ನಿಲ್ಲತ್ತೆ. ಸಿ11ರ ಸ್ಟಾಟಿಕ್ ಅಸರ್ಟ್ ಕೆಲಸಾನೇ ಇದು.

ಕ್ಯಾರ್ ಟೈಪ್ ಬಗ್ಗೆ ಒಂದ್ಮಾತು, ಎಕ್ಸ್86ನಲ್ಲಿ ಸಾಮಾನ್ಯವಾಗಿ ಸೈನ್ಡ್, ಆರ್ಮ್ ಲಿನಕ್ಸ್‌ನಲ್ಲಿ ಅನ್‌ಸೈನ್ಡ್. ಫೈಲ್‌ನಿಂದ ಒಂದೊಂದೇ ಅಕ್ಷರ ಓದೋ ಗೆಟ್‌ಸಿ ಕೊಟ್ಟಿದ್ದನ್ನ ಕ್ಯಾರ್‌ಗೆ ಹಾಕಿ ಇಒಎಫ್ (ಫೈಲ್ ಮುಗೀತು ಅನ್ನೋ ನೆಗೆಟಿವ್ ನಂಬರ್) ಚೆಕ್ ಮಾಡಿದ್ರೆ ಆರ್ಮ್‌ನಲ್ಲಿ ಲೂಪ್ ಮುಗಿಯೋದೇ ಇಲ್ಲ.

ಹಳೇದನ್ನ ನೋಡ್ತಾ ಹೊಸದನ್ನ ಮರೀಬೇಡಿ. ಜಿಸಿಸಿ 15ರಲ್ಲಿ ಡಿಫಾಲ್ಟ್ ಆಗಿ ಹೊಸ ಸ್ಟ್ಯಾಂಡರ್ಡ್ ಸಿ23, ಅಲ್ಲಿ ಬೂಲ್ ಕೀವರ್ಡ್, ಹಳೇ ಕಂಪೈಲರ್‌ಗೋಸ್ಕರ ಇಂಟನ್ನೇ ಬೂಲ್ ಅಂತ ಟೈಪ್‌ಡೆಫ್ ಮಾಡಿದ್ರೆ ಅದೇ ಎರರ್, ಅದಕ್ಕೇ ಹೆಸರಿಗೆ ಲೈಬ್ರರಿ ಪ್ರಿಫಿಕ್ಸ್ ಹಚ್ಚಿ. ಪ್ರತಿ ಕಮಿಟ್‌ಗೂ ಒಂದು ಹಳೇ ಕಂಪೈಲರ್, ಒಂದು ತೀರಾ ಹೊಸದು, ಎರಡ್ರಲ್ಲೂ ಬಿಲ್ಡ್ ಓಡ್ಸಿ.