ಉದ್ದನೆಯ ಡಚ್ ಪದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಒತ್ತಬೇಕು

ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿ ದುಡಿಯುವವರು 4 ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಲೇಬೇಕಾದ್ದರಿಂದ, ‘ಜೋರ್ಖ್‌ಫೆರ್‌ಜೇಕರಿಂಗ್’ ಎಂಬ ಪದ ಹೊಸಬರಿಗೆ ಬಹುಬೇಗ ಎದುರಾಗುತ್ತದೆ. ‘ಜೋರ್ಖ್’ ಎಂದರೆ ಆರೈಕೆ, ‘ಫೆರ್‌ಜೇಕರಿಂಗ್’ ಎಂದರೆ ವಿಮೆ. ಬಿಡಿಯಾಗಿ ಹೇಳುವಾಗ ವಿಮೆಯ ಪದದಲ್ಲಿ ಒತ್ತು ‘ಜೇ’ ಮೇಲಿರುತ್ತದೆ; ಸಮಾಸವಾದೊಡನೆ ಮುಖ್ಯ ಒತ್ತು ‘ಜೋರ್ಖ್’ಗೆ ಸೇರಿ, ‘ಜೇ’ಗೆ ಸಣ್ಣದೊಂದು ಒತ್ತು ಮಾತ್ರ ಉಳಿಯುತ್ತದೆ. ಒತ್ತು ಸಾಮಾನ್ಯವಾಗಿ ಮೊದಲ ಪದದ ಮೇಲೆ ಬೀಳುತ್ತದೆಯೇ ಹೊರತು ಮೊದಲ ಅಕ್ಷರದ ಮೇಲಲ್ಲ: ಪುರಸಭೆಯ ಕಚೇರಿ ಎಂಬರ್ಥದ ‘ಖೆಮೇಂತೆಹೌಸ್’ ಎಂಬಲ್ಲಿ ಅದು ‘ಮೇನ್’ ಮೇಲಿದೆ.

ನಮ್ಮ ತೊಡಕು ಲಿಪಿಯಿಂದಲೂ ಹುಟ್ಟುತ್ತದೆ. ಡಚ್ ಪದವನ್ನು ಕನ್ನಡದಲ್ಲಿ ಬರೆದುಕೊಂಡಾಗ, ಹಿಂದಿನ ಪದದ ಕೊನೆಯ ವ್ಯಂಜನ ಮುಂದಿನ ಅಕ್ಷರದೊಂದಿಗೆ ಬೆರೆತು ಗಡಿಯೇ ಅಳಿಸಿಹೋಗುತ್ತದೆ. ಮಗುವಿಗೆ ಜ್ವರ ಬಂದ ಒಂದು ರಾತ್ರಿ ನಾನು ‘ಹೌಸಾರ್ಟ್ಸೆನ್‌ಪೋಸ್ಟ್’ ಎಲ್ಲಿದೆಯೆಂದು ದಾರಿಹೋಕರೊಬ್ಬರನ್ನು ಕೇಳಿದೆ. ಒತ್ತನ್ನೆಲ್ಲ ಕೊನೆಗೆ ಹಾಕಿದ್ದರಿಂದ ಅವರಿಗೆ ‘ಪೋಸ್ಟ್’ ಮಾತ್ರ ಕೇಳಿಸಿ, ಅಂಚೆ ಪೆಟ್ಟಿಗೆಯತ್ತ ಕೈ ತೋರಿಸಿದರು. ‘ಹೌಸ್’ ಅನ್ನು ಒತ್ತಿ, ‘ಆರ್ಟ್ಸೆನ್’ ಅನ್ನು ಬಿಡಿಸಿ ಹೇಳಿದ್ದರೆ ರಾತ್ರಿಯ ತುರ್ತು ವೈದ್ಯರ ಕೇಂದ್ರವೆಂದು ಆ ಕ್ಷಣವೇ ತಿಳಿಯುತ್ತಿತ್ತು.

ಗಡಿ ತಪ್ಪಿದರೆ ಅರ್ಥವೂ ತಪ್ಪುತ್ತದೆ. ‘ಫಾಲ್’ ಮತ್ತು ‘ಕೌಲ್’ ಎಂದು ಒಡೆದರೆ ಬೀಳಿಸುವ ಗುಂಡಿ. ಅವೇ ಅಕ್ಷರಗಳನ್ನು ‘ಫಾಲ್ಕ್’ ಮತ್ತು ‘ಔಲ್’ ಎಂದು ಒಡೆದರೆ ಗಿಡುಗ ಮತ್ತು ಗೂಬೆ.

ಪದಗಳ ನಡುವೆ ಬರುವ ‘ಸ್’ ಎಂಬ ಬೆಸುಗೆ ಯಾವಾಗಲೂ ಹಿಂದಿನ ಪದಕ್ಕೆ ಸೇರಿದ್ದೆಂಬುದನ್ನು ನೆನಪಿಡಬೇಕು. ದುಡಿಯಲಾಗದವರ ವಿಮೆಗಿರುವ 33 ಅಕ್ಷರಗಳ ಪದವೂ ಆಗ ‘ಆರ್ಬೈಟ್ಸ್’, ‘ಒನ್‌ಖೆಸ್‌ಖಿಕ್ಟ್‌ಹೈಟ್ಸ್’, ‘ಫೆರ್‌ಜೇಕರಿಂಗ್’ ಎಂದು ಮೂರು ತುಂಡುಗಳಾಗಿ ನಿಲ್ಲುತ್ತದೆ. ಮುಖ್ಯ ಒತ್ತು ‘ಆರ್’ ಮೇಲೆ.

ಮೊದಲ ಪದಕ್ಕೇ ಒತ್ತು ಎಂಬ ನಿಯಮಕ್ಕೆ ಒಗ್ಗದ ಪದಗಳೂ ಇವೆ. ನಗರಸಭೆಯ ಕಟ್ಟಡವಾದ ‘ಸ್ಟತ್‌ಹೌಸ್’ನಲ್ಲಿ ಒತ್ತು ‘ಹೌಸ್’ ಮೇಲೆ, ಮೇಯರ್ ಎಂಬರ್ಥದ ‘ಬುರ್ಖೆಮೇಸ್ಟರ್’ನಲ್ಲಿ ‘ಮೇ’ ಮೇಲೆ, ಆಮ್‌ಸ್ಟರ್‌ಡಾಮ್ ಮತ್ತು ಆಮ್‌ಸ್ಟೆಲ್‌ವೇನ್ ಊರುಗಳ ಹೆಸರಿನಲ್ಲಿ ಕೊನೆಗೆ. ಇವನ್ನು ಕಿವಿಯಿಂದಲೇ ಕಲಿಯಬೇಕು.

ಕಚೇರಿಯಿಂದ ಪತ್ರ ಬಂದಾಗ ಉದ್ದನೆಯ ಪದದ ತುಂಡುಗಳ ನಡುವೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಿ, ಕೊನೆಯ ತುಂಡಿನಿಂದ ಅರ್ಥ ಹುಡುಕಿ, ಮೊದಲ ತುಂಡನ್ನು ಒತ್ತಿ ಓದಿ.